ಅವ್ವನ ಹೆಗಲು ಮುಚ್ಚಿಟ್ಟ ನೋವು

ನಮ್ಮ ನವಲಗುಂದದ ಕಡೆ ಹೆಗಲು ಅಂದ್ರೆ ಮೊದಲು ನೆನಪಾಗೋದು ನೊಗ ಹೊರೋ ಎತ್ತು. ಆ ಎತ್ತಿಗೆ ಕಾಲರ್ ಬೋನೇ ಇಲ್ಲ ಅಂತ ನಿಮಗೆ ಗೊತ್ತಾ? ಅದರ ಮುಂಗಾಲುಗಳು ಮೈಗೆ ಅಂಟಿಕೊಂಡಿರೋದು ಬರೀ ಮಾಂಸಖಂಡಗಳಿಂದ. ನಡುವೆ ಎಲುಬಿನ ಕೀಲು ಒಂದೂ ಇಲ್ಲ!

ನಮಗೆ ಕಾಲರ್ ಬೋನ್ ಇದೆ. ಆದ್ರೆ ಇಡೀ ತೋಳು ಎದೆಗೂಡಿಗೆ ಎಲುಬಿನ ಮೂಲಕ ಸೇರೋದು ಆ ಒಂದು ಸಣ್ಣ ಕಡ್ಡಿಯಿಂದ ಮಾತ್ರ. ಬೆನ್ನಿನ ಮೇಲ್ಭಾಗದಲ್ಲಿ ಕೈಗೆ ಸಿಗೋ ತ್ರಿಕೋನದ ಎಲುಬು, ಡಾಕ್ಟರುಗಳ ಸ್ಕ್ಯಾಪುಲಾ, ಎರಡನೇ ಪಕ್ಕೆಲುಬಿನಿಂದ ಏಳನೆಯದರವರೆಗೆ ಹರಡಿಕೊಂಡು, ಮಾಂಸಖಂಡಗಳ ಹಿಡಿತದಲ್ಲಿ ಜಾರಾಡುತ್ತೆ. ಇದರ ಹೊರಮೂಲೆಯ ಆಳವಿಲ್ಲದ ಬಟ್ಟಲಲ್ಲಿ ತೋಳಿನ ಎಲುಬಿನ ಗುಂಡು ಕೂತಿರುತ್ತೆ. ಕೈಯನ್ನು ಪೂರ್ತಿ, ಅಂದ್ರೆ 180 ಡಿಗ್ರಿ ಎತ್ತಿದಾಗ, ಸುಮಾರು 120 ಡಿಗ್ರಿ ಆ ಬಟ್ಟಲಿನ ಕೀಲಿನದು. ಉಳಿದ 60 ಈ ತ್ರಿಕೋನ ತಿರುಗಿದ್ದರಿಂದ ಬರೋದು.

ಈ ಲೆಕ್ಕ ನನಗೆ ತಿಳಿದದ್ದು ಅವ್ವನಿಂದ. ಹತ್ತಿ ಬಿಡಿಸೋ ಕಾಲ. ನೆಲುವಿನ ಮೇಲಿನ ಗಡಿಗೆ ಇಳಿಸುವಾಗ ಅವಳ ಬಲಹೆಗಲು ಕಿವಿಯವರೆಗೂ ಏರ್ತಿತ್ತು. ಕೇಳಿದ್ರೆ, "ಏನಿಲ್ಲ ಬಿಡೋ ತಮ್ಮಾ, ಸ್ವಲ್ಪ ಹಿಡಕೊಂಡೇತಿ, ಅಷ್ಟ" ಅಂದಳು. ಕೀಲು ಕೆಲಸ ಬಿಟ್ಟಿದ್ರೂ ಹಿಂದಿನ ಎಲುಬು ಅದರ ಪಾಲನ್ನೂ ಹೊತ್ತುಕೊಂಡು ಕೈ ಮೇಲೆತ್ತುತ್ತಿತ್ತು. ಅವ್ವನ ಹಾಗೇ, ಅದೂ ಏನೂ ಆಗಿಲ್ಲ ಅನ್ನೋ ಜಾತಿ :-)

ಹುಬ್ಬಳ್ಳಿಯ ಡಾಕ್ಟರು ಮಾಡಿದ್ದು ಬಹಳ ಸರಳ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮಡಚಿಸಿ, ಮುಂಗೈಯನ್ನು ಹೊರಗೆ ತಿರುಗಿಸಿ ನೋಡಿದರು. ಎಡಗೈ ಸಲೀಸಾಗಿ ತಿರುಗಿತು. ಬಲಗೈ ಬಾಗಿಲಿಗೆ ಅಗಳಿ ಹಾಕಿದಂತೆ ಅಲ್ಲೇ ನಿಂತಿತು. ಈ ಚಲನೆಯಲ್ಲಿ ಹಿಂದಿನ ಎಲುಬು ಹೆಚ್ಚು ಸಹಾಯ ಮಾಡಲಾರದು, ಹಾಗಾಗಿ ಮುಚ್ಚಿಡೋಕೂ ಆಗಲ್ಲ. ಅದು ಫ್ರೋಜನ್ ಶೋಲ್ಡರ್. ಕೀಲಿನ ಸುತ್ತಲಿನ ಚೀಲ ದಪ್ಪಗಾಗಿ ಬಿಗಿಯೋದು. ನಲವತ್ತು ದಾಟಿದವರಲ್ಲಿ, ಅದರಲ್ಲೂ ಅವ್ವನ ಹಾಗೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಹೆಚ್ಚು. ಸಡಿಲಾಗೋಕೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯಬಹುದು.

"ಹಂಗಾರ ಈ ಸಲ ಹತ್ತಿ ಬಿಡಸೋರು ಯಾರು?" ಇದು ಅವ್ವನ ಮೊದಲ ಪ್ರಶ್ನೆ. ನೋವಿನ ಸುದ್ದಿ ಆಮೇಲೆ.

ಈಗ ದಿನಾ ಗೋಡೆ ಮೇಲೆ ಬೆರಳು ನಡೆಸ್ತಾಳೆ, ಒಂದೊಂದೇ ಇಂಚು. ಊರಿಗೆ ಹೋದಾಗ ನೀವೂ ನಿಮ್ಮ ಅವ್ವ ಕೈ ಎತ್ತುವಾಗ ಒಮ್ಮೆ ಹಿಂದೆ ನಿಂತು ನೋಡಿ. ಮುಖ ಹೇಳದ್ದನ್ನು ಬೆನ್ನು ಹೇಳಬಹುದು.