ಒಂದು ಹೈನೆಕ್, ನಾವು ಮೂವರು, ಮತ್ತೆ ಅವ್ವ

ಕುತ್ತಿಗೆ ಪೂರ್ತಿ ಮುಚ್ಚುವ, ಕಾಲರ್ ಮಡಚಿ ಹಾಕಿಕೊಳ್ಳುವ ಅಂಗಿ ಇರುತ್ತದಲ್ಲ, ಅದಕ್ಕೆ ನಮ್ಮ ಕಡೆ ಹೈನೆಕ್ ಅನ್ನುತ್ತಾರೆ. ಇಂಗ್ಲಿಷಿನವರು ಟರ್ಟಲ್‌ನೆಕ್ ಅನ್ನುತ್ತಾರೆ. ಟರ್ಟಲ್ ಅಂದರೆ ಆಮೆ. ಹಾಕಿಕೊಂಡವರನ್ನು ನೋಡಿದರೆ ಚಿಪ್ಪಿನಿಂದ ಕುತ್ತಿಗೆ ಹೊರಗೆ ಹಾಕಿದ ಆಮೆಯ ನೆನಪು ಬರುವುದೂ ನಿಜ.

ಧಾರವಾಡದಲ್ಲಿ ಪತ್ರಿಕೋದ್ಯಮ ಓದುವಾಗ ನಾವು ಮೂವರು ಹುಡುಗಿಯರು ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದೆವು. ಮೂವರ ಊರು ಬೇರೆ, ಮೂವರ ಮನೆಯ ಪರಿಸ್ಥಿತಿ ಮಾತ್ರ ಒಂದೇ. ಹಾಗಾಗಿ ಮೂವರಿಗೂ ಸೇರಿ ಒಂದೇ ಹೈನೆಕ್ ಇತ್ತು. ಕಪ್ಪು ಬಣ್ಣದ್ದು, ತೆಳುವಾದದ್ದು, 350 ರೂಪಾಯಿಯದ್ದು.

ಅದನ್ನು ತಂದದ್ದು ಹುಬ್ಬಳ್ಳಿಯಿಂದ. ಚಳಿ ಶುರುವಾಗುತ್ತಿದ್ದಂತೆ ಅಲ್ಲಿ ಟಿಬೆಟಿಯನ್ನರು ಸಾಲಾಗಿ ಸ್ವೆಟರ್ ಅಂಗಡಿ ಹಾಕುತ್ತಾರೆ. ನಾವು ಹೋದ ಅಂಗಡಿಯ ಆಂಟಿ ಮುಂಡಗೋಡದವರು. ಅಲ್ಲಿ ಟಿಬೆಟಿಯನ್ನರ ಕ್ಯಾಂಪ್ ಶುರುವಾಗಿದ್ದು 1966ರಲ್ಲಿ. ಮಳೆಗಾಲದಲ್ಲಿ ಗೋವಿನಜೋಳ ಬೆಳೆಯುತ್ತಾರೆ, ಚಳಿಗಾಲಕ್ಕೆ ಪಂಜಾಬಿನ ಲೂಧಿಯಾನದಿಂದ ಮಾಲು ತಂದು ಮಾರುತ್ತಾರೆ. ನಾವು ದಪ್ಪ ಉಣ್ಣೆಯದ್ದನ್ನು ಮುಟ್ಟಿ ನೋಡುತ್ತಿದ್ದಾಗ ಆಂಟಿ ತಡೆದರು. "ದಪ್ಪ ಬೇಡ. ತೆಳು ತಗೊಳ್ಳಿ. ಒಳಗೂ ಹಾಕಬಹುದು, ಹೊರಗೂ ಹಾಕಬಹುದು" ಅಂದರು.

ಆಮೇಲೆ ಎರಡು ಪರೀಕ್ಷೆ ಹೇಳಿಕೊಟ್ಟರು. ನೀವೂ ಕೊಳ್ಳುವಾಗ ಮಾಡಿ ನೋಡಿ. ಒಂದು, ಕಾಲರ್ ಹಿಡಿದು ಎಳೆದು ಬಿಡಿ. ತಟ್ಟನೆ ಮೊದಲಿನ ಅಳತೆಗೆ ಬಂದರೆ ಒಳ್ಳೆಯದು, ಸಡಿಲಾಗಿ ಜೋತರೆ ಬೇಡ. ಇನ್ನೊಂದು, ಹಾಕಿಕೊಂಡು ಕಾಲರಿಗೂ ಕುತ್ತಿಗೆಗೂ ನಡುವೆ ಎರಡು ಬೆರಳು ಇಟ್ಟು ನೋಡಿ. ಬೆರಳು ಹೋಗದಿದ್ದರೆ ಉಸಿರು ಕಟ್ಟಿದಂತಾಗುತ್ತದೆ.

ಮೊದಲ ಸಲ ಅದನ್ನು ಹಾಕಿಕೊಂಡದ್ದು ಒಂದು ಪತ್ರಿಕೆಯ ಸಂದರ್ಶನಕ್ಕೆ. ನಮ್ಮಲ್ಲಿ ಒಬ್ಬಳನ್ನು ಕರೆದಿದ್ದರು. ಕೋಟು ಇರಲಿಲ್ಲ, ಇಸ್ತ್ರಿ ಮಾಡಿದ ಒಳ್ಳೆಯ ಡ್ರೆಸ್ಸೂ ಇರಲಿಲ್ಲ. ಹಳೆಯ ಬೂದು ಬಣ್ಣದ ಕುರ್ತಾದ ಒಳಗೆ ಕಪ್ಪು ಹೈನೆಕ್ ಹಾಕಿಸಿದೆವು. ಕುತ್ತಿಗೆ ಹತ್ತಿರ ಕಪ್ಪು, ಮುಂಗೈ ಹತ್ತಿರ ಕಪ್ಪು, ನಡುವೆ ಹಳೆಯ ಕುರ್ತಾ. ಅಷ್ಟಕ್ಕೇ ಕುರ್ತಾ ಹೊಸದಾಗಿ ಕಂಡಿತು. ವೇಲನ್ನು ಕುತ್ತಿಗೆಗೆ ಸುತ್ತದೆ ಒಂದು ಭುಜಕ್ಕೆ ಪಿನ್ನು ಹಾಕಿದೆವು. ಕೂದಲನ್ನು ಹಿಂದಕ್ಕೆ ಕಟ್ಟಿದೆವು. ಕಿವಿಗೆ ಸಣ್ಣ ಓಲೆ. ಹೈನೆಕ್ ಹಾಕಿದಾಗ ಕುತ್ತಿಗೆಯ ಸುತ್ತ ಗದ್ದಲ ಇರಬಾರದು, ಇಷ್ಟೇ ಸೂತ್ರ.

ಕಪ್ಪು ಹೈನೆಕ್ ಹಾಕಿದವರು ಬುದ್ಧಿವಂತರು ಅನ್ನುವ ನಂಬಿಕೆ ಜಗತ್ತಿನಲ್ಲಿ ಎಲ್ಲಿಂದ ಬಂತೋ, ಆದರೆ ಅದನ್ನು ಗಟ್ಟಿ ಮಾಡಿದ್ದು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್. ಜಪಾನಿನ ವಸ್ತ್ರವಿನ್ಯಾಸಕ ಇಸ್ಸೆ ಮಿಯಾಕೆ ಅವರಿಂದ ಒಂದೇ ಥರದ ಕಪ್ಪು ಹೈನೆಕ್‌ಗಳನ್ನು ರಾಶಿ ಮಾಡಿಸಿಟ್ಟುಕೊಂಡು, ಅದನ್ನೇ ಹಾಕುತ್ತಿದ್ದರು. ಅವರನ್ನು ನೋಡಿ ಎಲಿಜಬೆತ್ ಹೋಮ್ಸ್ ಅನ್ನುವ ಹೆಣ್ಣುಮಗಳೂ ಕಪ್ಪು ಹೈನೆಕ್ ಹಾಕತೊಡಗಿದಳು. ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆ ಅಂತ ಥೆರನೋಸ್ ಎಂಬ ಕಂಪನಿ ಕಟ್ಟಿದ್ದಳು. ದೊಡ್ಡ ದೊಡ್ಡವರು ನಂಬಿ ಹಣ ಸುರಿದರು. 2015ರಲ್ಲಿ ಜಾನ್ ಕ್ಯಾರಿರೂ ಎಂಬ ವರದಿಗಾರ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯಲ್ಲಿ ಅದರ ಹುಳುಕು ಬರೆದ. 2022ರಲ್ಲಿ ಆಕೆಗೆ 11 ವರ್ಷಕ್ಕೂ ಹೆಚ್ಚು ಜೈಲು ಶಿಕ್ಷೆಯಾಯಿತು.

ಈ ಕಥೆ ನಮಗೆ ಕ್ಲಾಸಿನಲ್ಲಿ ಗೊತ್ತಾದದ್ದು. ಆ ದಿನ ಹೈನೆಕ್ ಹಾಕಿಕೊಂಡು ಕೂತಿದ್ದವಳನ್ನು ನೋಡಿ ಉಳಿದಿಬ್ಬರು ನಗು ತಡೆಯಲಾಗದೆ ಬೈಸಿಕೊಂಡೆವು. ಅಂದಹಾಗೆ ಸಂದರ್ಶನದ ಕೆಲಸ ಅವಳಿಗೆ ಸಿಗಲಿಲ್ಲ. ಅಂಗಿಯ ತಪ್ಪಲ್ಲ, ಟೈಪಿಂಗ್ ನಿಧಾನವಾಯಿತು.

ಎರಡನೆಯವಳು ಅದನ್ನು ಸೋದರಮಾವನ ಮದುವೆಗೆ ಒಯ್ದಳು. ಡಿಸೆಂಬರಿನ ಮದುವೆ, ಬೆಳಗಿನ ಜಾವದ ಅಕ್ಷತೆ. ದೆಹಲಿ ಕಡೆ ಚಳಿಗಾಲದ ಮದುವೆಯಲ್ಲಿ ಹೆಣ್ಣುಮಕ್ಕಳು ಬ್ಲೌಸಿನ ಬದಲು ಹೈನೆಕ್ ಹಾಕಿ ಸೀರೆ ಉಡುವುದನ್ನು ಮೊಬೈಲಿನಲ್ಲಿ ನೋಡಿದ್ದೆವು. ಇಳಕಲ್ ಸೀರೆ, ಕೆಂಪು ಸೆರಗು, ಕಪ್ಪು ಹೈನೆಕ್. ಹಾಸ್ಟೆಲಿನ ಕನ್ನಡಿಯಲ್ಲಿ ಚೆಂದವೇ ಕಂಡಿತ್ತು. ಮದುವೆ ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿದಳು. "ಲಗ್ನದ ಮನಿಗೆ ಕರೇದು ಹಾಕ್ಕೊಂಡು ಬರ್ತಾರೇನವ್ವ?" ಕೊನೆಗೆ ಅತ್ತೆಯ ಬ್ಲೌಸು ಹಾಕಿಕೊಂಡು, ಚಳಿಗೆ ನಡುಗುತ್ತ ಅಕ್ಷತೆ ಹಾಕಿದಳು.

ಹಾಗಾಗಿ ನಮ್ಮ ಮಾತು ಕೇಳಿ. ಮದುವೆಗೆ, ಸೀಮಂತಕ್ಕೆ ಹಾಕುವುದಿದ್ದರೆ ಕಪ್ಪು ಬೇಡ. ಮರೂನ್, ಗಿಳಿಹಸಿರು, ಅರಿಶಿನ ಬಣ್ಣ ತಗೊಳ್ಳಿ. ಸೀರೆಯ ದಡಿಯ ಬಣ್ಣಕ್ಕೆ ಹೊಂದಿದರೆ ಇನ್ನೂ ಒಳ್ಳೆಯದು. ಬೋರಮಾಳವನ್ನೋ ತಾಳಿಯನ್ನೋ ಕಾಲರಿನ ಒಳಗೆ ಮುಚ್ಚಬೇಡಿ, ಮೇಲೆ ಹಾಕಿ. ಬಣ್ಣದ ಬಟ್ಟೆಯ ಮೇಲೆ ಬಂಗಾರ ಎದ್ದು ಕಾಣುತ್ತದೆ. ಉಮಾಗೋಲ್ಡ್ ಆದರೂ ಅಷ್ಟೇ ಚೆಂದ!

ಮೂರನೆಯವಳ ಸರದಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಗೆ ವರದಿ ಮಾಡಲು ಹೋದಾಗ ಬಂತು. ಜನವರಿಯ ಬೆಳಿಗ್ಗೆ, ಬೈಕಿನ ಹಿಂದೆ ಕೂತು ಹೋಗುವಾಗ ಮಫ್ಲರ್ ಹಾಗೆ ಜಾರುವ, ಹಾರುವ ಕಾಟ ಹೈನೆಕ್ಕಿಗಿಲ್ಲ. ಮಾರುಕಟ್ಟೆಯ ಒಳಗೆ ಹೋದರೆ ಕಣ್ಣು ಹಾಯುವಷ್ಟು ಕೆಂಪು ಚೀಲ, ಗಾಳಿಯ ತುಂಬ ಖಾರದ ಘಾಟು. ಸೀನು ನಿಲ್ಲಲೇ ಇಲ್ಲ. ಕಾಲರಿನ ಮಡಿಕೆ ಬಿಚ್ಚಿ ಮೂಗಿನ ತನಕ ಎಳೆದುಕೊಂಡು, ಒಂದು ಕೈಯಲ್ಲಿ ಪೆನ್ನು ಹಿಡಿದು ರೈತರ ಮಾತು ಬರೆದುಕೊಂಡಳು. ಹಾಸ್ಟೆಲಿಗೆ ಬಂದು ಮಡಿಕೆಯನ್ನು ಜಾಡಿಸದೆ ಹಾಗೇ ಮಡಚಿಟ್ಟಳು. ಮರುದಿನ ಅದನ್ನು ಹಾಕಿಕೊಂಡವಳ ಕುತ್ತಿಗೆ ಸಂಜೆತನಕ ಉರಿಯಿತು.

ತೊಳೆಯುವ ವಿಷಯಕ್ಕೂ ಎರಡು ಮಾತು. ಒಳಮಗ್ಗುಲು ಹೊರಗೆ ಮಾಡಿ ತಣ್ಣೀರಿನಲ್ಲಿ ತೊಳೆಯಿರಿ, ಕಲ್ಲಿಗೆ ಬಡಿಯಬೇಡಿ. ಹಿಂಡುವ ಬದಲು ಟವೆಲಿನಲ್ಲಿ ಸುತ್ತಿ ಒತ್ತಿರಿ. ತಂತಿಗೆ ನೇತು ಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ. ಚಾಪೆ ಹಾಸಿ ನೆರಳಿನಲ್ಲಿ ಒಣಗಿಸಿ. ನಮ್ಮದು ಮೂವರ ಮೈಮೇಲೆ ಎರಡು ಚಳಿಗಾಲ ಬಾಳಿದ್ದು ಹೀಗೆ.

ಇಷ್ಟನ್ನೇ ಬರೆದು ಮುಗಿಸಬೇಕು ಅಂದುಕೊಂಡಿದ್ದೆವು. ಆದರೆ ಆ ಹೈನೆಕ್ ಕೊನೆಗೆ ಸೇರಿದ್ದು ನಮ್ಮಲ್ಲೊಬ್ಬಳ ಅವ್ವನ ಹತ್ತಿರ. ಆ ಮಾತು ಬಿಟ್ಟರೆ ಉಳಿದದ್ದು ಬರೀ ಬಟ್ಟೆಯ ಮಾತಾಗುತ್ತದೆ. ಅವ್ವನನ್ನು ಕೇಳಿಯೇ ಬರೆಯುತ್ತಿದ್ದೇವೆ.

ಅವಳ ಅಪ್ಪ ತೀರಿಕೊಂಡದ್ದು 2021ರಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ. ಮನೆಯಲ್ಲಿ ಎರಡು ಎಮ್ಮೆ. ಅವ್ವ ಬೆಳಿಗ್ಗೆ ಐದೂವರೆಗೆ ಡೇರಿಗೆ ಹಾಲು ಹಾಕಲು ಹೋಗುತ್ತಾಳೆ. ಓದು ಮುಗಿಸಿ ನಾವು ಹಾಸ್ಟೆಲ್ ಬಿಟ್ಟ ವರ್ಷ, ಸಂಕ್ರಾಂತಿಗೆ ನಾವಿಬ್ಬರು ಅವಳ ಊರಿಗೆ ಹೋಗಿದ್ದೆವು. ಹಗ್ಗದ ಮೇಲಿದ್ದ ಹೈನೆಕ್ಕನ್ನು ಅವ್ವ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಇದು ಕುತ್ತಿಗಿ ಪೂರಾ ಮುಚ್ಚತೈತೇನು?" ಅಂದಳು. ಹೂಂ ಅಂದೆವು. "ನನಗ ಇರಲಿ ಬಿಡ್ರವ್ವ, ಥಂಡಿ ಭಾಳ ಐತಿ" ಅಂದಳು. ಮನೆಯಲ್ಲಿ ಗಟ್ಟಿಮುಟ್ಟಾದ ಕಂಬಳಿ ಇತ್ತು, ದಿನಾ ಅದನ್ನೇ ಹೊದ್ದು ಹೋಗುತ್ತಿದ್ದಳು. ಆದರೂ ನಮಗೆ ಏನೂ ಅನ್ನಿಸಲಿಲ್ಲ. ಅವ್ವ ಕೇಳಿದ್ದೇ ಖುಷಿಯಾಗಿ ಕೊಟ್ಟು ಬಂದೆವು.

ಏಪ್ರಿಲಿನಲ್ಲಿ ಅವಳ ಫೋನು ಬಂತು. ಅವ್ವ ಇನ್ನೂ ಅದನ್ನೇ ಹಾಕಿಕೊಳ್ಳುತ್ತಿದ್ದಾಳೆ, ಸೀರೆಯ ಒಳಗೆ, ಡೇರಿಗೂ, ಸಂತೆಗೂ. ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದು ಕೆಂಪಾಗಿದೆ. ಮಗಳು ಜಗಳ ಮಾಡಿದ್ದಾಳೆ. "ಇಂಥಾ ಬ್ಯಾಸಗ್ಯಾಗ ಯಾಕ ಯವ್ವಾ?" ಅಂತ. ಅವ್ವ ರೊಟ್ಟಿ ಬಡಿಯುವುದು ನಿಲ್ಲಿಸದೆ ಹೇಳಿದ್ದಾಳೆ: "ನಿಮ್ಮಪ್ಪ ಹೋದಾಗಿಂದ ಮಂದಿ ಮೊದಲ ನನ್ನ ಕುತ್ತಿಗಿ ನೋಡ್ತಾರ, ಆಮ್ಯಾಲೆ ಮಾರಿ ನೋಡ್ತಾರ. ಇದನ್ನ ಹಾಕ್ಕೊಂಡ್ರ ಸೀದಾ ಮಾರಿ ನೋಡಿ ಮಾತಾಡ್ತಾರ."

ಆ ಕಡೆ ಫೋನಿನಲ್ಲಿ ಅವಳು ಅಳುತ್ತಿದ್ದಳು. ಈ ಕಡೆ ನಾವು ಸುಮ್ಮನಿದ್ದೆವು. ತಾಳಿಯನ್ನು ಕಾಲರಿನ ಮೇಲೆ ಹಾಕಬೇಕೋ ಒಳಗೆ ಹಾಕಬೇಕೋ ಅಂತ ಒಂದು ಸಂಜೆಯೆಲ್ಲ ಚರ್ಚೆ ಮಾಡಿದವರು ನಾವು. ಬರಿಗುತ್ತಿಗೆ ಹೊತ್ತು ದಿನಾ ಡೇರಿಯ ಸಾಲಿನಲ್ಲಿ ನಿಲ್ಲುವ ಹೆಂಗಸಿನ ಲೆಕ್ಕ ನಮ್ಮ ಚರ್ಚೆಯಲ್ಲಿ ಬಂದೇ ಇರಲಿಲ್ಲ.

ಏನು ಮಾಡುವುದು ಅಂತ ಮೂವರೂ ಒಂದು ವಾರ ಮಾತಾಡಿದೆವು. ತೆಳು ಹತ್ತಿಯ, ಕಾಲರ್ ಇರುವ ಬ್ಲೌಸು ಹೊಲಿಸೋಣ ಅಂದಳು ಒಬ್ಬಳು. ಒಂದು ಮಣಿಸರ ಹಾಕಿಸೋಣ ಅಂದಳು ಇನ್ನೊಬ್ಬಳು. ಹಣ ಕೂಡಿಸಿ ಎರಡನ್ನೂ ತಗೊಂಡು ಊರಿಗೆ ಹೋದೆವು.

ಅಷ್ಟರಲ್ಲಿ ಅವ್ವ ತಾನೇ ಕೆಲಸ ಮುಗಿಸಿದ್ದಳು. ಉರಿ ತಡೆಯಲಾಗದೆ ಒಂದು ರಾತ್ರಿ ಕತ್ತರಿ ತಗೊಂಡು ಹೈನೆಕ್ಕಿನ ಕಾಲರನ್ನು ಸುತ್ತಲೂ ಕತ್ತರಿಸಿ, ಅಂಚನ್ನು ಮಡಚಿ ಕೈಹೊಲಿಗೆ ಹಾಕಿದ್ದಳು. ನಮ್ಮ ಹೈನೆಕ್ ಈಗ ದುಂಡು ಕೊರಳಿನ ಬನಿಯನ್ನಾಗಿತ್ತು. ನಾವು ಒಯ್ದ ಬ್ಲೌಸನ್ನು ಹಬ್ಬಕ್ಕಿರಲಿ ಅಂತ ಟ್ರಂಕಿನಲ್ಲಿಟ್ಟಳು. ಮಣಿಸರವನ್ನು ಮಾತ್ರ ಕೈಯಲ್ಲಿ ಹಿಡಿದು ನೋಡಿ, "ಹಾಕ್ಕೋಬೇಕ ಅನಿಸಿದಾಗ ಹಾಕ್ಕೋತೇನಿ, ಮುಚ್ಚಾಕ ಅಂತ ಹಾಕ್ಕೊಳ್ಳಾಂಗಿಲ್ಲ" ಅಂದಳು.

ಮರುದಿನ ಬೆಳಿಗ್ಗೆ ನಾವೂ ಅವ್ವನ ಹಿಂದೆ ಡೇರಿಗೆ ಹೋದೆವು. ಕುತ್ತಿಗೆಯ ಕೆಂಪು ಇನ್ನೂ ಪೂರ್ತಿ ಆರಿರಲಿಲ್ಲ. ಸಾಲಿನಲ್ಲಿದ್ದವರು ನೋಡಿದರು. ಮೊದಲು ಕುತ್ತಿಗೆಯನ್ನೇ ನೋಡಿದರು, ಅದು ಒಂದು ದಿನಕ್ಕೆ ಬದಲಾಗುವಂಥದ್ದಲ್ಲ. ಅವ್ವ ಕ್ಯಾನು ಕೆಳಗಿಟ್ಟು ನಿಂತಳು.

ಹಿಂದೆ ನಿಂತಿದ್ದ ಹೆಂಗಸು ಕೇಳಿದಳು: "ಯಕ್ಕಾ, ಅಂಗಿಗೆ ಕೊರಳಪಟ್ಟಿ ಇತ್ತಲ್ಲ, ಏನಾತು?"

ಕತ್ತರಿಸಿದ ಕಾಲರಿನ ಒಂದು ಬಾಯಿಗೆ ಹೊಲಿಗೆ ಹಾಕಿ, ಕಟ್ಟಲು ಎರಡು ಲಾಡಿ ಹಚ್ಚಿ ಅವ್ವ ದೊಡ್ಡ ಮಗಳ ಕೂಸಿಗೆ ಕುಲಾವಿ ಮಾಡಿದ್ದಳು. ಬೇಸಿಗೆಯಲ್ಲೂ ಬೆಳಗಿನ ಹೊತ್ತು ಕೂಸಿನ ತಲೆ ಬರಿದಾಗಿ ಬಿಡದ ಊರು ಅದು.

"ಕೂಸಿನ ತಲಿ ಮ್ಯಾಲೈತಿ ನೋಡವ್ವ" ಅಂದಳು ಅವ್ವ. ಅಂದು ಕ್ಯಾನಿನ ಮುಚ್ಚಳ ತೆಗೆದು ಹಾಲು ಅಳೆಯಲು ಕೊಟ್ಟಳು.