61ನೇ ಹೆದ್ದಾರಿಯ ಗುಂಟ ರಾಕ್ ಅಂಡ್ ರೋಲ್

ಮಿಸಿಸಿಪಿ ಡೆಲ್ಟಾದ ನೆಲ ಎಷ್ಟು ಸಪಾಟು ಎಂದರೆ, ಎದುರಿನಿಂದ ಬರುವ ಲಾರಿ ಚುಕ್ಕೆಯಾಗಿ ಕಂಡು ನಮ್ಮ ಪಕ್ಕ ಹಾದುಹೋಗುವಷ್ಟರಲ್ಲಿ ಕಾರಿನ ರೇಡಿಯೋದಲ್ಲಿ ಅರ್ಧ ಹಾಡು ಮುಗಿದಿರುತ್ತದೆ. ರಸ್ತೆಯ ಎರಡೂ ಬದಿ ಹತ್ತಿ ಹೊಲ. ಈ ಹೊಲಗಳಲ್ಲಿ ದುಡಿದವರ ಮಕ್ಕಳು, ಮೊಮ್ಮಕ್ಕಳು ಕಟ್ಟಿದ ಸಂಗೀತವನ್ನು ನಾನು ಮೊದಲು ಕೇಳಿದ್ದು ಚಿಕ್ಕಪ್ಪನ ಮರ್ಫಿ ರೇಡಿಯೋದಲ್ಲಿ, ಸಿಲೋನ್ ಸ್ಟೇಷನ್ನಿನ ಕೊರಕೊರ ಸದ್ದಿನ ನಡುವೆ. ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೂ ಕಾಲು ತಾನಾಗಿ ಕುಣಿಯುತ್ತಿತ್ತು. ಆ ಹಾಡುಗಳು ಹುಟ್ಟಿದ ನೆಲವನ್ನು ನೋಡಬೇಕೆಂಬ ಆಸೆ ಅಂದಿನಿಂದಲೇ ಇತ್ತು.

ಕ್ಲಾರ್ಕ್ಸ್‌ಡೇಲ್ ಊರಿನಿಂದ 61ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 120 ಕಿ.ಮೀ. ಹೋದರೆ ಮೆಂಫಿಸ್. ಹೊರಡುವ ಮುನ್ನ ಸನ್‌ಫ್ಲವರ್ ಅವೆನ್ಯೂದಲ್ಲಿರುವ ರಿವರ್‌ಸೈಡ್ ಹೋಟೆಲಿನ ಮುಂದೆ ನಿಂತೆ. ಒಂದು ಕಾಲಕ್ಕೆ ಇದು ಕಪ್ಪು ಜನರ ಆಸ್ಪತ್ರೆಯಾಗಿತ್ತು. 1937ರಲ್ಲಿ ಕಾರು ಅಪಘಾತದಲ್ಲಿ ಗಾಯಗೊಂಡ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಕೊನೆಯುಸಿರೆಳೆದದ್ದು ಇಲ್ಲಿಯೇ. ಮುಂದೆ ಹೋಟೆಲಾದ ಮೇಲೆ ಐಕ್ ಟರ್ನರ್ ಎಂಬ ಹುಡುಗ ಇಲ್ಲಿ ವಾಸವಾಗಿದ್ದ.

1951ರ ಮಾರ್ಚ್‌ನಲ್ಲಿ, 19ರ ಹರೆಯದ ಐಕ್ ತನ್ನ ತಂಡ ಕಟ್ಟಿಕೊಂಡು, ವಾದ್ಯಗಳನ್ನು ಕಾರಿಗೆ ತುಂಬಿ ಹಾಡು ರೆಕಾರ್ಡ್ ಮಾಡಲು ಇದೇ ದಾರಿಯಲ್ಲಿ ಮೆಂಫಿಸ್‌ಗೆ ಹೊರಟ. ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್‌ಗೆ ಪೆಟ್ಟಾಗಿ ಸ್ಪೀಕರು ಕೆಟ್ಟಿತು. ರಿಪೇರಿಗೆ ಸಮಯವಿರಲಿಲ್ಲ. ಸ್ಟುಡಿಯೋದ ಯಜಮಾನ ಸ್ಯಾಮ್ ಫಿಲಿಪ್ಸ್ ಹರಿದ ಜಾಗಕ್ಕೆ ಕಾಗದ ತುರುಕಿ, ಬಾರಿಸಿ ನೋಡಿ ಎಂದ. ಗಿಟಾರು ಗೊಗ್ಗರು ದನಿಯಲ್ಲಿ ಗುರುಗುಟ್ಟಿತು. ಬೇರೆ ಯಾರಾದರೂ ಆಗಿದ್ದರೆ ರೆಕಾರ್ಡಿಂಗನ್ನೇ ಮುಂದೂಡುತ್ತಿದ್ದರು. ಫಿಲಿಪ್ಸ್‌ಗೆ ಆ ದನಿಯೇ ಹಿಡಿಸಿತು. ಹಾಗೆ ಹೊರಬಂದ ‘ರಾಕೆಟ್ 88’ ಮೊದಲ ರಾಕ್ ಅಂಡ್ ರೋಲ್ ಹಾಡೆಂದು ಅನೇಕರು ಹೇಳುತ್ತಾರೆ. ಗಾಯಕ ಫ್ಯಾಟ್ಸ್ ಡೊಮಿನೊ ನ್ಯೂ ಆರ್ಲಿಯನ್ಸ್‌ನಲ್ಲಿ 1949ರ ಡಿಸೆಂಬರಿನಲ್ಲೇ ಇಂಥ ಹಾಡು ಹಾಡಿದ್ದರಲ್ಲ ಎಂದು ವಾದಿಸುವವರೂ ಇದ್ದಾರೆ. ಮೊದಲು ಯಾರು ಎಂಬ ಜಗಳದಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ ಡಿಸ್ಕಿನ ಮೇಲೆ ಅಚ್ಚಾದದ್ದು ಐಕ್ ಹೆಸರಲ್ಲ, ಹಾಡಿದ ಸ್ಯಾಕ್ಸೊಫೋನ್ ವಾದಕ ಜಾಕಿ ಬ್ರೆನ್‌ಸ್ಟನ್ ಹೆಸರು ಎಂಬುದು ಮಾತ್ರ ಮನಸ್ಸಿನಲ್ಲಿ ಉಳಿಯಿತು. ದುಡಿದವನೊಬ್ಬ, ಹೆಸರು ಇನ್ನೊಬ್ಬನದು. ಈ ದಾರಿಯುದ್ದಕ್ಕೂ ಇದೇ ಕಥೆ ಮತ್ತೆ ಮತ್ತೆ ಸಿಗುತ್ತದೆ.

ಮೆಂಫಿಸ್‌ನ 706, ಯೂನಿಯನ್ ಅವೆನ್ಯೂ. ಫಿಲಿಪ್ಸ್‌ನ ಆ ಸನ್ ಸ್ಟುಡಿಯೋ ಹೊರಗಿನಿಂದ ನೋಡಿದರೆ ಮೂಲೆಯ ಅಂಗಡಿಯಷ್ಟೇ. ಒಳಗೆ ಹಾಡುವ ಕೋಣೆ ನಮ್ಮ ಸರ್ಕಾರಿ ಶಾಲೆಯ ಒಂದು ತರಗತಿಗಿಂತ ದೊಡ್ಡದಲ್ಲ. ಗೋಡೆಗೂ ಚಾವಣಿಗೂ ಸಣ್ಣ ಸಣ್ಣ ತೂತುಗಳ ಬಿಳಿ ಹಲಗೆ. ನೆಲದ ಮೇಲೆ ಟೇಪಿನಿಂದ ಗುಣಿಸು ಗುರುತು ಹಾಕಿದ್ದಾರೆ, ಎಲ್ವಿಸ್ ಪ್ರೀಸ್ಲಿ ನಿಂತು ಹಾಡಿದ ಜಾಗ ಎಂದು. ಹಳೆಯ ಮೈಕೊಂದನ್ನು ಕೈಗೆ ಕೊಡುತ್ತಾರೆ. ನಮ್ಮ ಗುಂಪಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಅದನ್ನು ಹಿಡಿದು ಫೋಟೋಗೂ ನಿಲ್ಲದೆ, ಕಣ್ಣು ಒರೆಸಿಕೊಂಡು ಮುಂದಿನವರಿಗೆ ದಾಟಿಸಿದರು.

1954ರ ಜುಲೈ 5ರ ರಾತ್ರಿ ಈ ಕೋಣೆಯಲ್ಲಿ ಮೂವರಿದ್ದರು: ಗಿಟಾರಿನ ಸ್ಕಾಟಿ ಮೂರ್, ಬೇಸ್ ಹಿಡಿದ ಬಿಲ್ ಬ್ಲ್ಯಾಕ್, ಮತ್ತು 19 ವರ್ಷದ ಎಲ್ವಿಸ್. ಡ್ರಮ್ಸ್ ಇರಲೇ ಇಲ್ಲ. ಹಾಡಿದ ಯಾವುದೂ ಕೂಡಿಬರದೆ ಎಲ್ಲರೂ ದಣಿದಿದ್ದರು. ಬಿಡುವಿನಲ್ಲಿ ಎಲ್ವಿಸ್ ಸುಮ್ಮನೆ ಕುಣಿಯುತ್ತ ‘ದಟ್ಸ್ ಆಲ್ ರೈಟ್’ ಎಂಬ ಹಳೆಯ ಬ್ಲೂಸ್ ಹಾಡು ಎತ್ತಿಕೊಂಡ. ಉಳಿದಿಬ್ಬರು ಕೂಡಿಕೊಂಡರು. ಫಿಲಿಪ್ಸ್ ಬಾಗಿಲಿಂದ ಇಣುಕಿ, ಮೊದಲಿಂದ ಹಾಡಿ ಎಂದ. ಕೆಲವೇ ದಿನಗಳಲ್ಲಿ ಮೆಂಫಿಸ್‌ನ ರೇಡಿಯೋ ನಿರೂಪಕ ಡ್ಯೂಯಿ ಫಿಲಿಪ್ಸ್ ಅದನ್ನು ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿದ. ಹುಡುಗನನ್ನು ಸ್ಟೇಷನ್ನಿಗೆ ಕರೆಸಿ, ಯಾವ ಹೈಸ್ಕೂಲು ಎಂದು ಕೇಳಿದ. ಶಾಲೆಯ ಹೆಸರು ಕೇಳಿದರೆ ಸಾಕು, ಹಾಡಿದವನು ಬಿಳಿಯನೆಂದು ಊರಿಗೆಲ್ಲ ಗೊತ್ತಾಗುತ್ತಿತ್ತು. ಶಾಲೆಗಳೂ ಬಣ್ಣದಿಂದ ಹಂಚಿಹೋಗಿದ್ದ ಕಾಲ ಅದು.

ಆ ಹಾಡು ಬರೆದವರು ಮಿಸಿಸಿಪಿಯ ಕಪ್ಪು ಗಾಯಕ ಆರ್ಥರ್ ಕ್ರುಡಪ್. ಅವರು ಅದನ್ನು 1946ರಲ್ಲೇ ರೆಕಾರ್ಡ್ ಮಾಡಿದ್ದರು. ಹಾಡು ಜಗತ್ತು ಸುತ್ತಿತು. ಬರೆದವರು ಕೂಲಿನಾಲಿ ಮಾಡಿ ಸಂಸಾರ ಸಾಗಿಸಿದರು. ನ್ಯಾಯವಾಗಿ ಬರಬೇಕಾದ ರಾಯಧನಕ್ಕಾಗಿ ಹೋರಾಡುತ್ತಲೇ 1974ರಲ್ಲಿ ತೀರಿಕೊಂಡರು. ಎಲ್ವಿಸ್ ಮೇಲೆ ನನಗೆ ಸಿಟ್ಟಿಲ್ಲ, ಆ ಕಂಠ ಸುಳ್ಳಲ್ಲ. ಆದರೆ 1955ರ ನವೆಂಬರಿನಲ್ಲಿ ಆರ್‌ಸಿಎ ಕಂಪನಿ ಎಲ್ವಿಸ್‌ನ ಒಪ್ಪಂದವನ್ನು 35,000 ಡಾಲರಿಗೆ ಕೊಂಡಿತೆಂದು ಕೇಳುವಾಗ ಕ್ರುಡಪ್ ನೆನಪಾಗದೆ ಇರುವುದಿಲ್ಲ.

ಮೆಂಫಿಸ್‌ನಲ್ಲಿ ಮಿಸಿಸಿಪಿ ನದಿಯ ದಂಡೆಗೆ ಹೋದರೆ ಆಚೆ ಕಾಣುವುದು ಆರ್ಕನ್ಸಾ ರಾಜ್ಯ. ಅಲ್ಲಿನ ಕಾಟನ್ ಪ್ಲಾಂಟ್ ಎಂಬ ಪುಟ್ಟ ಊರಿನಲ್ಲಿ 1915ರಲ್ಲಿ ಹುಟ್ಟಿದವರು ಸಿಸ್ಟರ್ ರೊಸೆಟ್ಟಾ ಥಾರ್ಪ್. ಚರ್ಚಿನ ಭಕ್ತಿಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನ ಮೇಲೆ ಮಿಂಚು ಹರಿಸಿ ಹಾಡಿದ ಹೆಂಗಸು. 1947ರಲ್ಲಿ ಜಾರ್ಜಿಯಾದ ಮೇಕನ್‌ನಲ್ಲಿ ಒಬ್ಬ ಹುಡುಗನನ್ನು ತಮ್ಮ ವೇದಿಕೆಗೆ ಕರೆದು ಹಾಡಿಸಿದರು; ಅವನೇ ಮುಂದೆ ಲಿಟಲ್ ರಿಚರ್ಡ್ ಆದ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1986ರಲ್ಲೇ ಗಂಡಸರನ್ನು ಗೌರವಿಸತೊಡಗಿತು. ರೊಸೆಟ್ಟಾ ಹೆಸರು ಅಲ್ಲಿ ಸೇರಿದ್ದು 2018ರಲ್ಲಿ, ಅವರು ತೀರಿಕೊಂಡು 45 ವರ್ಷಗಳ ಮೇಲೆ. ಇದು ನನ್ನ ಪಾಲಿಗೆ ದೊಡ್ಡ ಅನ್ಯಾಯ.

ಅಲ್ಲಿಂದ ಇನ್ನೂ ಉತ್ತರಕ್ಕೆ, ಸೇಂಟ್ ಲೂಯಿಸ್. ಡೆಲ್ಮಾರ್ ಬೀದಿಯಲ್ಲಿ ರಾಕ್ ಅಂಡ್ ರೋಲ್ ಗಾಯಕ ಚಕ್ ಬೆರಿಯ ಕಂಚಿನ ಪ್ರತಿಮೆ. ಎದುರಿನ ಬ್ಲೂಬೆರಿ ಹಿಲ್ ಎಂಬ ರೆಸ್ಟೋರೆಂಟಿನಲ್ಲಿ 1996ರಿಂದ 2014ರವರೆಗೆ, ಎಂಬತ್ತು ದಾಟಿದ ಮೇಲೂ, 200ಕ್ಕೂ ಹೆಚ್ಚು ಬಾರಿ ಹಾಡಿದ ಮನುಷ್ಯ. 1955ರ ‘ಮೇಬಲೀನ್’ ಹಾಡಿನ ರಚನೆಕಾರರಲ್ಲಿ ರೇಡಿಯೋ ನಿರೂಪಕ ಅಲನ್ ಫ್ರೀಡ್ ಹೆಸರನ್ನೂ ಸೇರಿಸಲಾಗಿತ್ತು. ಬೆರಿಗೆ ಪೂರ್ತಿ ಹಕ್ಕು ಮರಳಲು ದಶಕಗಳೇ ಹಿಡಿದವು. ಆದರೆ 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ಡಿಸ್ಕಿನಲ್ಲಿ ಅವರ ‘ಜಾನಿ ಬಿ. ಗುಡ್’ ಇದೆ. ಅದೇ ಡಿಸ್ಕಿನಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಅವರ ಭೈರವಿ ಇದೆ, ಭೂಮಿಯ 55 ಭಾಷೆಗಳ ಶುಭಾಶಯಗಳ ನಡುವೆ ನಮ್ಮ ಕನ್ನಡವೂ ಇದೆ. ಬೆರಿಯ ಪ್ರತಿಮೆಯ ಮುಂದೆ ನಿಂತು ಇದನ್ನು ನೆನೆದಾಗ ನನಗಾದ ಹೆಮ್ಮೆ ಇಷ್ಟು ಎಂದು ಹೇಳಲಾರೆ.

ನಮ್ಮವರು ಅನೇಕರು ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುತ್ತಾರೆ. ಮೆಂಫಿಸ್‌ವರೆಗೆ ಹೋಗುವ ಅವಕಾಶ ಸಿಕ್ಕರೆ ಎಲ್ವಿಸ್‌ನ ಗ್ರೇಸ್‌ಲ್ಯಾಂಡ್ ಬಂಗಲೆಯನ್ನಷ್ಟೇ ನೋಡಿ ಹಿಂದಿರುಗಬೇಡಿ. ಒಂದು ದಿನ ಹೆಚ್ಚು ಉಳಿದು ಕ್ಲಾರ್ಕ್ಸ್‌ಡೇಲ್‌ಗೂ ಹೋಗಿಬನ್ನಿ. ಹೊರಡುವ ಮೊದಲು ರೊಸೆಟ್ಟಾ ಥಾರ್ಪ್ ಹಾಡನ್ನು ಒಮ್ಮೆ, ಕ್ರುಡಪ್ ಹಾಡನ್ನು ಒಮ್ಮೆ ಕೇಳಿಕೊಂಡು ಹೋಗಿ.