ತಾರಸಿಯ ಮೇಲಿನ ತಂತಿ

ಅಂಧೇರಿಯಲ್ಲಿ ನಾವಿರುವ ಕಟ್ಟಡದ ತಾರಸಿಯ ಮೇಲೆ ಒಂದು ತಂತಿ ಇದೆ. ನೀರಿನ ಟಾಂಕಿಯ ಕಂಬದಿಂದ ಆಚೆ ತುದಿಯ ಬಿದಿರಿಗೆ ಎಳೆದು ಕಟ್ಟಿದ್ದು. ಉದ್ದ ಸುಮಾರು 10 ಮೀಟರ್. ಊರಿನಿಂದ ಬಂದ ಹೊಸತರಲ್ಲಿ ಅದು ಬಟ್ಟೆ ಒಣಗಿಸುವ ತಂತಿಯೆಂದು ತಿಳಿದು ನನ್ನ ಎರಡು ಬನಿಯನ್ ಹಾಕಿಬಿಟ್ಟಿದ್ದೆ. ಮೂರನೆಯ ಮಾಳಿಗೆಯ ಮುದುಕರು ಓಡಿ ಬಂದರು. ಬೈಯಲಿಲ್ಲ. "ಮಗಾ, ನಿನ್ನ ಬನಿಯನ್ ಈಗ ಕಠ್ಮಂಡುವಿನವರೆಗೆ ಹೋಗಿ ಬಂತು" ಅಂದರು.

ಅವರು ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರು. ಹಿಂದೆ ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವರು, ನಮ್ಮ ಉಡುಪಿ ಕಡೆಯವರೇ. ಕೆಳಗಿನ ಹೋಟೆಲಿನಲ್ಲಿ ಅಪ್ಪನಿಗೆ ಕೆಲಸ. ಹಗಲು ನನಗೆ ಬಿ.ಕಾಂ.; ರಾತ್ರಿ ಇವರಿಗೆ ಊಟದ ಡಬ್ಬಿ ಒಯ್ಯುವುದು. ಒಳಗೆ ಹೋದರೆ ಗರಗರ ಸದ್ದಿನ ನಡುವೆ ಯಾರೋ ಮಾತಾಡುತ್ತಿರುತ್ತಾರೆ. ಒಂದು ಕಾರಿನ ಬ್ಯಾಟರಿ, ದೊಡ್ಡ ಬಲ್ಬು ತಿನ್ನುವಷ್ಟು ಕರೆಂಟು, ಆ ತಂತಿ, ಇಷ್ಟೇ ಸಾಮಾನು. ತರಂಗ ಮೇಲೆ ಹೋಗಿ ಅಯಾನುಗೋಳಕ್ಕೆ ತಾಗಿ ಎಲ್ಲೋ ದೂರದಲ್ಲಿ ಇಳಿಯುತ್ತದಂತೆ. ನಡುವೆ ಟವರ್ ಇಲ್ಲ, ಎಕ್ಸ್‌ಚೇಂಜ್ ಇಲ್ಲ. ಹಾಗಾಗಿಯೇ ಉಳಿದದ್ದೆಲ್ಲ ಮೂಕವಾದಾಗ ಇದು ಮಾತಾಡುತ್ತದೆ.

ಸರಕಾರದ ಪರೀಕ್ಷೆ ಪಾಸಾಗಿ ಲೈಸೆನ್ಸ್ ಪಡೆಯಬೇಕು. ಆದರೆ ಇದರಿಂದ ಒಂದು ಪೈಸೆ ಸಂಪಾದಿಸುವಂತಿಲ್ಲ. ಅಂತರರಾಷ್ಟ್ರೀಯ ನಿಯಮವೇ ಹಾಗಿದೆ. ಇದನ್ನು ಕೇಳಿ ನನ್ನ ಕಾಮರ್ಸ್ ತಲೆ ಕೆಟ್ಟಿತು. ಸೆಟ್ಟು ಸ್ವಂತ, ನಿದ್ದೆಗೇಡು ಸ್ವಂತ, ಜಮೆ ಸೊನ್ನೆ. ಮತ್ತೇಕೆ?

ಅವರು ಪೋರ್ಟ್ ಬ್ಲೇರ್ ಕಥೆ ಹೇಳಿದರು (ಊರಿನ ಹೆಸರು 2024ರಲ್ಲಿ ಶ್ರೀವಿಜಯಪುರಂ ಆಗಿದೆ). 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿಗೆ ಹೋಗಿದ್ದರು. ಪ್ರಪಂಚದ ಹ್ಯಾಮ್‌ಗಳಿಗೆ ಅಪರೂಪದ ಆ ದ್ವೀಪದ ಸಂಪರ್ಕ ಒದಗಿಸುವುದು, ಅಷ್ಟೇ ಉದ್ದೇಶ. ಒಂದು ಬಗೆಯ ಆಟ ಅನ್ನಿ. 26ರ ಬೆಳಿಗ್ಗೆ ಆರೂವರೆಗೆ ಭೂಮಿ ನಡುಗಿತು, ಆಮೇಲೆ ಸಮುದ್ರ ಬಂತು. ಆಟ ನಿಂತು ಅದೇ ಸೆಟ್ಟು ಸುದ್ದಿ ಸಾಗಿಸತೊಡಗಿತು. ಕಾರ್ ನಿಕೋಬಾರಿಗೂ ಹ್ಯಾಮ್‌ಗಳು ಹೋದರು. ದ್ವೀಪದಲ್ಲಿ ಯಾರು ಬದುಕಿದ್ದಾರೆ ಎಂಬುದು ಈ ತಂತಿಗಳ ಮೂಲಕ ದಾಟಿ ಬಂತು.

ನೇಪಾಳದಲ್ಲೂ ಹೀಗೇ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಸುಮಾರು 9,000 ಜನ ಸತ್ತರು. ಕಠ್ಮಂಡುವಿನ ಸತೀಶ್ ಖರೇಲ್ ವೃತ್ತಿಯಿಂದ ವಕೀಲರು. ಸೆಟ್ಟಿನ ಮುಂದೆ ಕೂತುಬಿಟ್ಟರು. ಭಾರತದ ಹ್ಯಾಮ್‌ಗಳು ಇತ್ತ ಕಿವಿಗೊಟ್ಟರು. ಫೋನ್ ಅಪರೂಪವಾಗಿದ್ದ ಕಾಲದಲ್ಲಂತೂ ಇಲ್ಲಿ ಸಿಗದ ಔಷಧಿಯನ್ನು ಹೊರದೇಶದ ಹ್ಯಾಮ್ ಗೆಳೆಯರನ್ನು ಕೇಳಿ ತರಿಸಿಕೊಡುವುದೂ ಇವರ ಒಂದು ಕೆಲಸವಾಗಿತ್ತಂತೆ.

ಒಂದು ರಾತ್ರಿ ಮುದುಕರು ತಮ್ಮ ಹಳೆಯ ಲಾಗ್ ಪುಸ್ತಕ ತೆಗೆದರು. ನಮ್ಮ ರೋಜುಪಟ್ಟಿಯ ಹಾಗೇ ಗೆರೆ ಹಾಕಿದ್ದು: ತಾರೀಖು, ಗಂಟೆ, ಯಾರು, ಎಲ್ಲಿಂದ. ಸುನಾಮಿಯ ದಿನಗಳ ಪುಟಗಳಲ್ಲಿ ಹೆಸರುಗಳು, ಪಕ್ಕದಲ್ಲಿ ಫೋನ್ ನಂಬರು, ಕೊನೆಗೆ ಒಂದೇ ಶಬ್ದ: ಕ್ಷೇಮ. ಮನೆಯವರಿಗೆ ಫೋನು ಮಾಡಿ ತಿಳಿಸಿದ ಮೇಲೆ ಒಂದು ಟಿಕ್. ಕೆಲವು ಹೆಸರುಗಳ ಮುಂದೆ ಏನೂ ಇಲ್ಲ, ಕ್ಷೇಮವೂ ಇಲ್ಲ, ಟಿಕ್ಕೂ ಇಲ್ಲ. ನಾನು ಕೇಳಲಿಲ್ಲ. ಅವರೂ ಪುಟ ಮಗುಚಿದರು.

ನನಗೆ ಅಮ್ಮನ ನೆನಪಾಯಿತು. 2005ರ ಜುಲೈ 26. ಇಲ್ಲಿಂದ ಎರಡು ಸ್ಟೇಷನ್ ಆಚೆಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಅಪ್ಪ ಇದೇ ಕೆಳಗಿನ ಹೋಟೆಲಿನಲ್ಲಿ, ಕುಂದಾಪುರದ ಹತ್ತಿರ ನಮ್ಮ ಹಳ್ಳಿಯಲ್ಲಿ ಅಮ್ಮ, ತೊಟ್ಟಿಲಲ್ಲಿ ನಾನು. ಕರೆಂಟಿಲ್ಲ, ಫೋನಿಲ್ಲ. ಮೂರು ದಿನ ಅಮ್ಮ ಪಕ್ಕದ ಮನೆಯ ಫೋನಿನ ಎದುರು ನನ್ನನ್ನು ಎತ್ತಿಕೊಂಡು ಕೂತಿದ್ದಳಂತೆ. ನಾಲ್ಕನೆಯ ದಿನ ಅಪ್ಪನ ದನಿ ಕೇಳಿದಾಗ ಮಾತೇ ಹೊರಡದೆ ರಿಸೀವರನ್ನು ಪಕ್ಕದ ಮನೆಯವರ ಕೈಗೆ ಕೊಟ್ಟಳಂತೆ.

ಇದನ್ನು ಹೇಳಿ ಕೇಳಿಯೇಬಿಟ್ಟೆ, "ಆ ದಿನ ನೀವು ಇಲ್ಲೇ ಇದ್ದಿರಾ?"

ಅವರು ಡಬ್ಬಿಯ ಮುಚ್ಚಳ ತೆಗೆದವರು ಹಾಗೇ ಇಟ್ಟರು.

"ಇಲ್ಲೇ ಇದ್ದೆ. ಬ್ಯಾಟರಿ ತುಂಬಿತ್ತು. ಮಂಗಳೂರಿನಲ್ಲಿ ಒಬ್ಬ ಗೆಳೆಯ ರಾತ್ರಿಯಿಡೀ ಕೇಳುತ್ತ ಕೂತಿದ್ದ. ಅಲ್ಲಿಂದ ನಿಮ್ಮಲ್ಲಿಗೆ ಒಂದು ಫೋನ್, ಎರಡು ನಿಮಿಷದ ಕೆಲಸ. ಕೆಳಗಿನಿಂದ ಯಾರೂ ಬಂದು ಕೇಳಲಿಲ್ಲ. ನಾನೂ ಮೆಟ್ಟಿಲು ಇಳಿದು ಕೇಳಲಿಲ್ಲ. ದಿನಾ ಚಾ ಕೊಡುವವನಿಗೆ ಊರಿನಲ್ಲಿ ಕೂಸಿದೆ ಅಂತ ನನಗೆ ಗೊತ್ತಿರಲಿಲ್ಲ ಮಾರಾಯ."

ನನಗೆ ಸಿಟ್ಟು ಬಂದದ್ದು ನಿಜ. ಅಂಡಮಾನಿನವರ ಕ್ಷೇಮ ಇಳಿದು ಬಂದ ಮನೆಯಿಂದ ಕೆಳಗಿನ ಹೋಟೆಲಿಗೆ ಬರೀ ಮೂರು ಮಾಳಿಗೆ! ಆದರೆ ಅಪ್ಪ ತಾನೇ ಏನು? ಇಪ್ಪತ್ತು ವರ್ಷ ಆ ತಂತಿಯ ಕೆಳಗೆ ಓಡಾಡಿ, ಅದು ಏನೆಂದು ಒಮ್ಮೆಯೂ ಕೇಳಿದವನಲ್ಲ. ನಾನೂ ಬನಿಯನ್ ಹಾಕಿದವನೇ.

ಈಗ ಪರೀಕ್ಷೆಗೆ ಓದುತ್ತಿದ್ದೇನೆ. ಮೇಲಿನ ದರ್ಜೆಗೆ ಮೋರ್ಸ್ ಬೇಕು. ಡಬ್ಬಿಯ ಮೇಲೆ ಬೆರಳಿನಿಂದ ಬಡಿದು ಅಭ್ಯಾಸ ನಡೆದಿದೆ. ಸಾರು ಚೆಲ್ಲುತ್ತದೆ ಎಂದು ಅಪ್ಪನ ತಕರಾರು. ಜೊತೆಗೆ ಇನ್ನೊಂದು ನೋಟ್ ಪುಸ್ತಕ ಮಾಡಿದ್ದೇನೆ: ನಮ್ಮ ಕಟ್ಟಡದಲ್ಲಿ, ಹೋಟೆಲಿನಲ್ಲಿ ಯಾರ ಊರು ಯಾವುದು, ಅಲ್ಲಿ ಯಾರಿದ್ದಾರೆ, ಯಾವ ನಂಬರು. ಮೊದಲ ಹೆಸರು ಪಾತ್ರೆ ತೊಳೆಯುವ ಹುಡುಗನದು. ಅವನ ಊರು ನೇಪಾಳ.

ಮೊನ್ನೆ ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ತುಸು ಹೊತ್ತು ಸುಮ್ಮನಿದ್ದಳು. ಆಮೇಲೆ "ಅದ್ಕ್ ಸಂಬ್ಳ ಎಷ್ಟ್ ಕೊಡ್ತ್ರ್?" ಅಂದಳು. ಏನೂ ಇಲ್ಲ ಅಂದೆ.

"ಹಂಗಾರೆ ಆ ಅಜ್ಜಯ್ಯಂಗೆ ಊಟ ಬಿಸಿ ಇಪ್ಪತಿಗೇ ತಕಂಡ್ ಹೋಯ್ ಕೊಡ್."